ಅಂಬಿಗನ ರಾಗದಲ್ಲಿ ಅಪ್ಪ

“ಇದು ನಿಮ್ಮಪ್ಪ ಅಲ್ವೇನೆ?” ಎಂದು ಅಮ್ಮ ಕೇಳಿದಾಗ ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ನಿಂತಿತು.

ಅರಕಲಗೂಡಿನ ನಮ್ಮ ಮನೆಯ ಜಗಲಿಯಲ್ಲಿ ನನ್ನ ಮಗಳು ಸಿಂಚನಾ ಅಜ್ಜಿಗೆ ಮೊಬೈಲಿನಲ್ಲಿ ಸಂಗೀತ ಕೇಳಿಸುತ್ತಿದ್ದಳು. ಅವಳೂ ಅವಳ ಗೆಳತಿಯೂ ಸೇರಿ ಮಾಯಾಲೋಕದ ಚಿತ್ರಕಥೆಯೊಂದನ್ನು ಇಂಟರ್‌ನೆಟ್ಟಿನಲ್ಲಿ ವಾರವಾರ ಹಾಕುತ್ತಾರೆ. ಪ್ರತಿ ಪಾತ್ರಕ್ಕೂ ಕೀಬೋರ್ಡಿನಲ್ಲಿ ಒಂದೊಂದು ರಾಗ ಕಟ್ಟಿದ್ದಾರೆ. ಅಮ್ಮನಿಗೆ ಕಣ್ಣು ಮಂಜು, ಚಿತ್ರ ಕಾಣದು. ಅದಕ್ಕೇ ರಾಗ ಮಾತ್ರ. ದುಡುಕಿನ ರಾಜಕುಮಾರಿಗೆ ಓಡುವ ತಾಳ, ಮಾಟಗಾತಿಗೆ ಜೋಗುಳದಂಥ ಸಿಹಿ ದನಿ. ಆಮೇಲೆ ಮುದುಕ ಅಂಬಿಗನದು. ನಿಧಾನವಾಗಿ ಬಂದ ಸ್ವರಗಳು ನಡುವೆ ನಿಂತೇ ಹೋದವು. ಮುಗಿಯಿತೇನೋ ಎನ್ನುವಷ್ಟರಲ್ಲಿ ತುಂಟ ಸ್ವರವೊಂದು ಇಣುಕಿತು.

“ಹೂಂ ಅಜ್ಜಿ, ತಾತನ್ನ ನೆನೆಸ್ಕೊಂಡೇ ಮಾಡಿದ್ದು” ಎಂದಳು ಮಗಳು.

ಅಪ್ಪ ಇದ್ದದ್ದೇ ಹಾಗೆ. ಏನು ಕೇಳಿದರೂ ಮೊದಲು ಸುಮ್ಮನಾಗುವರು. ಕೇಳಿದ್ದನ್ನು ನಾವು ಮರೆಯುವ ಹೊತ್ತಿಗೆ ನಗಿಸುವ ಉತ್ತರ ಕೊಡುವರು. ಅವರು ತೀರಿಕೊಂಡ ಮೇಲೆ ಅಮ್ಮ ಅವರ ಮಾತೇ ಎತ್ತಿರಲಿಲ್ಲ. ಅಂದು ತಾನಾಗಿಯೇ ಹೇಳಿದಳು: “ನನ್ನ ನೋಡಾಕ್ ಬಂದಾಗ್ಲೂ ಇಂಗೇ ಕಣೆ. ಎಣ್ಣು ಒಪ್ಗೆನಾ ಅಂದ್ರೆ ಸುಮ್ಕೆ ಕೂತ್ಬುಟ್ರು. ನಂಗೆ ಅಳುನೇ ಬಂದ್ಬುಡ್ತು. ಆಮ್ಯಾಕೆ, ‘ಉಪ್ಪಿಟ್ಟು ಮುಗೀಲಿ, ಯೋಳ್ತೀನಿ’ ಅಂದ್ರು.” ಹೇಳುತ್ತ ಹೇಳುತ್ತ ನಕ್ಕಳು, ಕಣ್ಣೊರೆಸಿಕೊಂಡಳು.

ಆ ರಾಗವನ್ನು ಅಮ್ಮ ಈಗ ದಿನವೂ ಹಾಕಿಸಿಕೊಳ್ಳುತ್ತಾಳೆ. ಸ್ವರ ನಿಂತ ಕೂಡಲೇ ನಾವು ಮೂವರೂ ಮಾತು ನಿಲ್ಲಿಸಿ, ಅಪ್ಪನ ಉತ್ತರಕ್ಕೆಂಬಂತೆ ಕಾಯುತ್ತೇವೆ.