ಹಕ್ಕಿಗಳಿಗೆ ಬಿಟ್ಟ ಪೇರಲೆ

ಮೊದಲು ಬಂದದ್ದು ತಲೆನೋವು. ಹಣೆ ಒಡೆದುಹೋಗುತ್ತಿದೆ ಎಂದು ನನ್ನ ಗಂಡ ಮಧ್ಯಾಹ್ನವೇ ಗದ್ದೆಯಿಂದ ಎದ್ದು ಬಂದರು. ಬಿಸಿಲಿಗೆ ಹೆದರಿ ಮನೆ ಸೇರುವ ಜನ ಅಲ್ಲ ಇವರು. ಸಂಜೆಗೆ ಮೈ ಕೆಂಡ. ಕಣ್ಣು ಕೆಂಪು. ಮಗ್ಗುಲು ಬದಲಿಸಲೂ ಆಗದೆ ನರಳಿದರು.

ಕೊಯ್ಲಿನ ಆಯಾಸ ಎಂದುಕೊಂಡು ಒಳ್ಳೆಮೆಣಸಿನ ಕಷಾಯ ಕುಡಿಸಿದೆ. ಮರುದಿನ ಬಾಯಿ ಮುಕ್ಕಳಿಸಿದ ನೀರಿನಲ್ಲಿ ರಕ್ತವಿತ್ತು.

ನಾನೂ ಮೈದುನ ಚಂದ್ರನೂ ಗಡಿಯ ಬಾವಲಿ ಪೇಟೆಯಿಂದ ಜೀಪು ಮಾಡಿಕೊಂಡು ಮಾನಂದವಾಡಿಯ ಆಸ್ಪತ್ರೆಗೆ ಕರೆದೊಯ್ದೆವು. ಪ್ಲೇಟ್‌ಲೆಟ್ ತೀರಾ ಕಡಿಮೆ. ಡ್ರಿಪ್ ಹಾಕಿದರು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಇವರ ಕಾಲು, ಕಂಕುಳು ಎಲ್ಲ ಪರೀಕ್ಷಿಸಿ ನನ್ನ ಕಡೆ ತಿರುಗಿ ಮಲಯಾಳದಲ್ಲಿ ಕೇಳಿದರು: "ಚೇಚಿ, ಮನೆ ಹತ್ತಿರ ಕೋತಿ ಏನಾದರೂ ಸತ್ತಿತ್ತಾ?"

ಸತ್ತಿತ್ತು.

ನಮ್ಮ ಹಿತ್ತಲು ಇವರ ಹುಚ್ಚು. ಪೇರಲೆ ಹಣ್ಣು ಕೀಳುವಂತಿಲ್ಲ, ಹಕ್ಕಿಗೆ ಬೇಕು. ಬೇಲಿಯ ಪೊದೆ ಸವರುವಂತಿಲ್ಲ, ಅಲ್ಲಿ ಗೂಡುಂಟು. ನಾನು ಪೊರಕೆ ಹಿಡಿದರೆ, "ತರಗೆಲೆ ಗುಡಿಸ್ಬೇಡ ಮಾರಾಯ್ತಿ, ಅಡೀಲಿ ಹುಳ ಉಂಟು, ಹಕ್ಕಿ ತಿನ್ಲಿ" ಎನ್ನುತ್ತಿದ್ದರು. ಮಣ್ಣಿನ ಬಟ್ಟಲಿಗೆ ದಿನವೂ ನೀರು. "ಹಕ್ಕಿಗೆ ಹಣ್ಣು, ನಂಗೆ ಸಿಪ್ಪೆ" ಎಂದು ನಾನು ರೇಗಿಸುತ್ತಿದ್ದೆ. ಆದರೂ ಕುಟುರ, ಪಿಕಳಾರಗಳು ಅಡುಗೆಮನೆಯ ಕಿಟಕಿಯವರೆಗೆ ಬರುವಾಗ ಒಲೆ ಮರೆತು ನಿಲ್ಲುತ್ತಿದ್ದವಳೂ ನಾನೇ.

ಹಣ್ಣಿಗೆ ಕಾಡಿನಿಂದ ಕೋತಿಗಳೂ ಬಂದವು. ಒಂದು ಅದೇ ಮರದ ಬುಡದಲ್ಲಿ ಸತ್ತುಬಿದ್ದಿತ್ತು. ನಮ್ಮಲ್ಲಿ ಸತ್ತ ಕೋತಿಯನ್ನು ಎಸೆಯುವುದಿಲ್ಲ, ಅದು ಆಂಜನೇಯ. ಮನೆಯ ಗಂಡಸೇ ಬರಿಗೈಯಲ್ಲಿ ಎತ್ತಿ, ಅರಿಶಿನದ ನೀರಲ್ಲಿ ತೊಳೆದು, ಹೊಸ ಬಟ್ಟೆ ಸುತ್ತಿ ಹೂಳಬೇಕು. ಇವರು ಅದನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ತೊಳೆದರು. ಎಳ್ಳಿನಷ್ಟು ಸಣ್ಣ ಉಣುಗುಗಳು ತೋಳಿಗೆ ಹತ್ತಿದವು. ದನ ಸಾಕುವವರಿಗೆ ಅದೇನು ಹೊಸದಾ? ಕೊಡವಿಕೊಂಡರು.

"ಕುರಂಗುಪನಿ" ಎಂದರು ಡಾಕ್ಟರು. ಮಂಗನ ಕಾಯಿಲೆ. ರಕ್ತ ಪರೀಕ್ಷೆಯಲ್ಲೂ ಅದೇ ಬಂತು. ಸತ್ತ ಕೋತಿಯ ಮೈಯಿಂದ ಇಳಿದ ಉಣುಗು ಕಚ್ಚಿದರೆ ಬರುತ್ತದಂತೆ. ಇದಕ್ಕೆಂದೇ ಮದ್ದಿಲ್ಲ, ಮೈ ತಡೆದುಕೊಳ್ಳಬೇಕು ಎಂದರು. ದೇವರ ಕೆಲಸ ಮಾಡಿದವರಿಗೆ ಇದಾ ಕೂಲಿ ಎಂದು ನನಗೆ ಸಿಟ್ಟೇ ಬಂತು.

ಜ್ವರ ಬಿಟ್ಟಿತು. ಗಂಜಿ ಕುಡಿದರು. ಮನೆಗೆ ಹೋಗುವ ಮಾತೂ ಆಯಿತು. ಅಷ್ಟರಲ್ಲಿ ಜ್ವರ ಮರಳಿತು, ಈ ಸಲ ನಡುಕದೊಂದಿಗೆ.

ನನ್ನನ್ನು ನೋಡಿ, "ನೀವು ಯಾರು?" ಎಂದರು.

ಐಸಿಯುವಿನ ಹೊರಗೆ ಚಂದ್ರ ಮೆಲ್ಲಗೆ ಹೇಳಿದ. "ಅತ್ತಿಗೆ, ಆ ಮರ ಕಡ್ದು ಹಾಕುವಾ. ಬೇಲಿನೂ ಸವರಿ ತರಗೆಲೆಗೆ ಬೆಂಕಿ ಕೊಡುವಾ. ಇನ್ನು ಒಂದು ಕೋತೀನೂ ಬರ್ಬಾರ್ದು."

"ಕಡಿ" ಎಂದೆ. ಕೊಡಲಿ ಕೈಯಲ್ಲಿದ್ದಿದ್ದರೆ ನಾನೇ ಕಡಿಯುತ್ತಿದ್ದೆ.

ಇವರಿಗೆ ತಿಳಿವು ಬಂದಾಗ ನನ್ನ ಹೆಸರು ಹಿಡಿದು ಕರೆದರು. ಅತ್ತುಬಿಟ್ಟೆ. ಆಮೇಲೆ ಕೇಳಿದರು: "ಬಟ್ಟಲಲ್ಲಿ ನೀರುಂಟಾ? ಪೇರಲೆಗೆ ಹಕ್ಕಿ ಬರ್ತಾವಾ?"

"ಬರ್ತಾವೆ" ಎಂದೆ. ಹೊರಗೆ ಓಡಿ ಚಂದ್ರನಿಗೆ ಫೋನ್ ಮಾಡಿದೆ.

ಮರ ಬಿದ್ದಾಗಿತ್ತು.

ಈಗ ಮನೆಯಲ್ಲಿದ್ದೇವೆ. ಬದುಕಿ ಬಂದರು, ಅಷ್ಟು ಸಾಕು ಎಂದು ದಿನವೂ ಹೇಳಿಕೊಳ್ಳುತ್ತೇನೆ. ಇವರ ಕೈ ಇನ್ನೂ ನಡುಗುತ್ತದೆ. ಕಣ್ಣು ಕೆಲವೊಮ್ಮೆ ಮಂಜಾಗುತ್ತದೆ. ನಿಧಾನವಾಗಿ ವಾಸಿಯಾಗುತ್ತದೆ ಎಂದಿದ್ದಾರೆ ಡಾಕ್ಟರು. ನಾನು ಅಂಗಳ ಗುಡಿಸಿಯೇ ಬಿಡುತ್ತೇನೆ, ಇವರು ತಡೆಯುವುದಿಲ್ಲ. ಬಂದ ದಿನ ಕಡಿದ ಪೇರಲೆಯ ಬುಡದ ಮೇಲೆ ಕೈಯಾಡಿಸಿ ಒಳಗೆ ಹೋದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಂದು ಬೆಳಿಗ್ಗೆ ಚೊಂಬು ಹಿಡಿದು ತಾವೇ ಅಂಗಳಕ್ಕೆ ಇಳಿದರು. ಬಟ್ಟಲನ್ನು ಆ ಬುಡದ ಮೇಲೆ ಇಟ್ಟರು. ಸುರಿಯುವಾಗ ಕೈ ನಡುಗಿ ಅರ್ಧ ನೀರು ಚೆಲ್ಲಿತು. ನಾನು ಚೊಂಬಿಗೆ ಕೈ ಚಾಚಿದೆ.

"ಬಿಡು" ಎಂದರು. "ಹಕ್ಕಿಗೆ ಎಷ್ಟು ಬೇಕು?"