ಒಂದೇ ಮನೆಯಲ್ಲಿದ್ದ ಎರಡು ಸುದ್ದಿ

ಕೊರೊನಾ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ ನಾನು ಬೈಂದೂರು ತಾಲೂಕಿನ ಕರಾವಳಿಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನ್ನ ಹೆಂಡತಿ ಜಲಜ ಠಾಣೆಯಿಂದ ಎರಡು ಕಿಲೋಮೀಟರ್ ದೂರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಹೋದ ಆಷಾಢದಲ್ಲಿ ಅವಳು ತೀರಿಕೊಂಡಳು. ಅವಳಿದ್ದಾಗ ಈ ವಿಷಯ ಬರೆಯುವ ಧೈರ್ಯ ನನಗಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಠಾಣೆಯ ಸುದ್ದಿ ಮನೆಗೆ ತರಬಾರದು. ಡ್ಯೂಟಿಯ ಹೊತ್ತಿನಲ್ಲಿ ಫೋನ್ ಮಾಡಬಾರದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಯೊಬ್ಬನ ಮನೆಯಿಂದ ಮಾತು ಹೊರಬಿದ್ದು ಆರೋಪಿ ತಪ್ಪಿಸಿಕೊಂಡಿದ್ದ. ಆ ಹೆದರಿಕೆಯಲ್ಲಿ ಮದುವೆಯಾದ ವಾರದಲ್ಲೇ ಜಲಜಳಿಗೆ ಇದನ್ನು ಹೇಳಿದ್ದೆ. ಅವಳು ಶಾಲೆಯ ಕೆಲಸಕ್ಕೆ ಸೇರಿದಾಗ ನಗಾಡುತ್ತ ಅಂದಿದ್ದಳು, "ಹಾಂಗಾರೆ ಶಾಲಿ ಸುದ್ದಿಯೂ ಮನಿಗ್ ಬಪ್ಪುದ್ ಬ್ಯಾಡ. ನಾವ್ ಮೀನಿನ್ ರೇಟ್ ಮಾತಾಡ್ವ." ಹಾಗೇ ನಡೆಯಿತು.

ಶಾಲೆಯ ಜೊತೆ ನನಗೂ ಒಂದು ಸಂಬಂಧವಿತ್ತು, ಬೀಟ್ ಪುಸ್ತಕದ್ದು. ಗಸ್ತು ತಿರುಗುವ ಪೊಲೀಸರು ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಬಂದುದಕ್ಕೆ ಸಹಿ ಹಾಕುವ ಪುಸ್ತಕ ಅದು. ಶಾಲೆಯ ಜಗಲಿಯ ಮೊಳೆಯೊಂದಕ್ಕೆ ಅದನ್ನು ತೂಗುಹಾಕಿದ್ದೆವು. ನಾನು ಬೆಳಿಗ್ಗೆ ಏಳು ಗಂಟೆಗೆ ಹೋಗುತ್ತಿದ್ದೆ. ಬಾಗಿಲುಗಳಿಗೆಲ್ಲ ಬೀಗ. ಸಹಿ ಹಾಕಿ, ಹೊತ್ತು ಬರೆದು ಬರುತ್ತಿದ್ದೆ. ನಾಲ್ಕು ವರ್ಷ ಹೀಗೆ ಮಾಡಿದ್ದೇನೆ. ಶಾಲೆಯ ಹೆಡ್ ಮೇಡಂ ಮುಖವನ್ನು ಸರಿಯಾಗಿ ನೋಡಿರಲಿಲ್ಲ.

ಜುಲೈ ತಿಂಗಳಲ್ಲಿ ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸೊಬ್ಬಳು ಠಾಣೆಗೆ ಬಂದಳು. ಗಂಡ ಮುಂಬೈಯ ಹೋಟೆಲಿನಲ್ಲಿದ್ದವನು, ಕೊರೊನಾದಲ್ಲಿ ಕೆಲಸ ಹೋಗಿ ಊರಿಗೆ ಬಂದಿದ್ದ. ಕುಡಿತ ಜಾಸ್ತಿಯಾಗಿ ಅವಳು ಮಗಳನ್ನು ಕರೆದುಕೊಂಡು ತಾಯಿಯ ಮನೆ ಸೇರಿದ್ದಳು. ಮಗಳನ್ನು ಇಲ್ಲಿ ಶ್ರಾವ್ಯ ಎಂದು ಕರೆಯುತ್ತೇನೆ, ಹೆಸರು ಬೇರೆ. ಆರನೇ ತರಗತಿ. "ಹೆಣ್ಣನ್ನ ಕರ್ಕಂಡ್ ಸಮುದ್ರಕ್ಕ್ ಹಾರ್ತೆ" ಎಂದು ಗಂಡ ಮಗಳ ವಿಷಯದಲ್ಲಿ ಫೋನಿನಲ್ಲಿ ಹೇಳಿದ್ದನಂತೆ. ಎಸ್.ಐ. ಅವನನ್ನು ಕರೆಸಿ ಬೈದರು, ಮುಚ್ಚಳಿಕೆ ತೆಗೆದುಕೊಂಡರು. ಮುಚ್ಚಳಿಕೆ ಎಂದರೆ ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆದುಕೊಡುವ ಕಾಗದ. ಬರೆದದ್ದು ನಾನೇ. ಅವನು ಕಣ್ಣೊರೆಸಿಕೊಂಡು ಸಹಿ ಮಾಡಿದ. ಅರ್ಜಿ ಮುಗಿಯಿತು. ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ನಾವು ಯಾರೂ ಕೇಳಲಿಲ್ಲ.

ಶಾಲೆಯ ಕಡೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಅವನು ಮೂರು ದಿನ ಮಧ್ಯಾಹ್ನದ ಬಿಡುವಿನಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಗೇಟಿನ ಹೊರಗೆ ನಿಂತಿದ್ದ. ಮೊದಲು ಕಂಡದ್ದು ಜಲಜ. ಅವಳು ಹೆಡ್ ಮೇಡಂಗೆ ಹೇಳಿದಳು. ಮೇಡಂ ಶ್ರಾವ್ಯಳ ತಾಯಿಗೆ ಫೋನ್ ಮಾಡಿದರೆ, "ಎಂತ ಇಲ್ಲೆ ಮೇಡಂ, ಮಗಳನ್ನ ಕಾಂಬುಕ್ ಬಂದದ್ದಾಯ್ಕ್" ಅಂದಳಂತೆ. ಮನೆಯ ಜಗಳ ಶಾಲೆಗೆ ಗೊತ್ತಾದರೆ ಮಗಳಿಗೆ ನಾಚಿಕೆ ಎಂಬುದು ಅವಳ ಯೋಚನೆ. ಮೇಡಂ, ಗೇಟಿಗೆ ಬೀಗವಿಲ್ಲ ಎಂದು ಇಲಾಖೆಗೆ ಕಾಗದ ಬರೆದರು. ಉತ್ತರ ಬರಲಿಲ್ಲ.

ಬೆದರಿಕೆ ಗೊತ್ತಿದ್ದದ್ದು ಠಾಣೆಗೆ. ಅವನು ಗೇಟಿಗೆ ಬರುತ್ತಿದ್ದದ್ದು ಗೊತ್ತಿದ್ದದ್ದು ಶಾಲೆಗೆ. ಆ ಮೂರೂ ಸಂಜೆ ನಾನೂ ಜಲಜಳೂ ಎದುರುಬದುರು ಕುಳಿತು ಗಂಜಿ ಉಂಡಿದ್ದೇವೆ.

ಗುರುವಾರ ಹನ್ನೆರಡೂವರೆಗೆ ಅವನು ನೇರ ಒಳಗೆ ಬಂದ. ಅಜ್ಜಿಯನ್ನು ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆ ಎಂದ. ದಾಖಲಾತಿ ಪುಸ್ತಕದಲ್ಲಿ ತಂದೆ ಎಂದು ಅವನದೇ ಹೆಸರು. ತರಗತಿಯ ಟೀಚರ್ ಸಹಿ ಹಾಕಿಸಿಕೊಂಡು ಮಗುವನ್ನು ಕಳಿಸಿದರು. ಅವರು ಮಾಡಿದ್ದು ನಿಯಮದಂತೆಯೇ ಇತ್ತು.

ಜಲಜ ಬಡಿಸುವಾಗ ಸಾಲಿನಲ್ಲಿ ಶ್ರಾವ್ಯ ಇರಲಿಲ್ಲ. ಪಕ್ಕದ ಮಕ್ಕಳು, "ಅದನ್ನ್ ಅದ್ರ್ ಅಪ್ಪಯ್ಯ ಕರ್ಕ ಹೋದ್ರ್" ಎಂದವು. ಅವಳಿಗೆ ಸರಿ ಕಾಣಲಿಲ್ಲ. ನನ್ನ ನಂಬರ್ ಬಾಯಿಪಾಠ ಇತ್ತು. ಆದರೂ ಮತ್ತೆರಡು ತರಗತಿಗೆ ಸಾರು ಬಡಿಸಿ ಮುಗಿಸಿದಳು. ಆಮೇಲೆ ಸೌಟು ಇಟ್ಟು ಮೇಡಂ ಕೋಣೆಗೆ ಹೋದಳು. ಮೇಡಂ ಮಗುವಿನ ತಾಯಿಗೆ ಫೋನ್ ಮಾಡಿದರು. ಕಾರ್ಖಾನೆಯ ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಯಾರೂ ಎತ್ತಲಿಲ್ಲ. ಆಗ ಜಲಜ ನನಗೆ ಮಾಡಿದಳು. ಒಂದೂ ಕಾಲಾಗಿತ್ತು.

"ಹ್ವಾಯ್, ಡ್ಯೂಟಿ ಹೊತ್ತಂಗೆ ಫೋನ್ ಮಾಡ್ದೆ ಅಂದ್ ಬೈಬೇಡಿ. ಆರ್ನೇ ಕ್ಲಾಸಿನ್ ಹೆಣ್ಣೊಂದನ್ನ ಅದ್ರ್ ಅಪ್ಪ ಕರ್ಕಂಡ್ ಹೋಯಿರ್. ನಂಗ್ ಎಂತಕೋ ಸಮ ಕಾಂತಿಲ್ಲೆ."

"ಅಪ್ಪನ್ ಹೆಸ್ರೆಂತ?"

ಅವಳು ಹೆಸರು ಹೇಳಿದಳು. ಆ ಹೆಸರನ್ನು ನನ್ನ ಕೈಯಾರೆ ಮುಚ್ಚಳಿಕೆಯಲ್ಲಿ ಬರೆದು ಎಂಟು ದಿನವೂ ಆಗಿರಲಿಲ್ಲ. "ಎಷ್ಟ್ ಹೊತ್ತಾಯ್ತ್?" ಎಂದೆ. "ಮುಕ್ಕಾಲ್ ಗಂಟಿ" ಎಂದಳು.

ಎಸ್.ಐ. ಜೀಪಿನಲ್ಲಿ ಹೆದ್ದಾರಿ ಮತ್ತು ರೈಲು ನಿಲ್ದಾಣದ ಕಡೆ ಹೋದರು. ನಾನು ಬೈಕ್ ಹತ್ತಿ ಅಳಿವೆಯ ಕಡೆ ಹೋದೆ. ಹೊಳೆ ಸಮುದ್ರ ಸೇರುವ ಆ ಬಾಯಿಯಲ್ಲಿ ತೆರೆ ತಡೆಯಲು ಕಲ್ಲು ಪೇರಿಸಿದ ಉದ್ದದ ದಂಡೆ ಇದೆ. ಮಳೆಗಾಲದಲ್ಲಿ ತೆರೆ ಅದರ ಮೇಲೇ ಹಾಯುತ್ತದೆ. ಮೀನುಗಾರಿಕೆಗೆ ರಜೆಯ ತಿಂಗಳಾದ್ದರಿಂದ ದೋಣಿಗಳೆಲ್ಲ ದಡದ ಮೇಲಿದ್ದವು. ದಂಡೆಯ ಮೇಲೆ ಯಾರೂ ಇರಲಿಲ್ಲ. ನೀರು ನೋಡಿದೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಹಿಂದೆ ಬಲೆ ಶೆಡ್ಡಿನಿಂದ ಯಾರೋ ಕರೆದರು. "ಹ್ವಾಯ್ ಪೊಲೀಸ್ರೇ, ಅಲ್ಲೆಂತ ಹುಡ್ಕ್ತ್ರಿ? ಇಲ್ ಬನ್ನಿ."

ಒಳಗೆ ಬಲೆ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರ ಎದುರು ಶ್ರಾವ್ಯ ಕುಳಿತು, ಬಲೆಗೆ ಗಂಟು ಹಾಕುವುದನ್ನು ಕಲಿಯುತ್ತಿದ್ದಳು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಕೈಯಲ್ಲಿ ಆರಿದ ಚಾ.

ಮುದುಕರು ಅವರಿಬ್ಬರನ್ನು ದಂಡೆಯ ಬುಡದಲ್ಲೇ ತಡೆದಿದ್ದರು. "ಮಳಿಗಾಲದಂಗೆ ಆ ಕಲ್ಲಿನ್ ಮೇಲೆ ಎಂತ ಕಾಂಬುಕ್ ಹೋತೆ ಮಾರಾಯ? ಹೆಣ್ಣ್ ಶಾಲಿ ಅಂಗಿಯಂಗೇ ಇತ್ತಲೆ. ಬಾ, ಕೂಕೊ. ಬೊಂಬಾಯಿ ಹೋಟ್ಲಂಗೆ ಚಾ ಮಾಡ್ದವ ಅಂಬ್ರ್, ನಮ್ಮ್ ಚಾ ಹ್ಯಾಂಗಿತ್ತ್ ಹೇಳ್." ಅವನು ಕೂತ. ಒಂದು ಲೋಟ ಕುಡಿದ. ಇನ್ನೊಂದು ಕೊಟ್ಟರು. ಅವನ ಕಿಸೆಯಲ್ಲಿ ಹೆಂಡತಿಗೆ ಬರೆದ ಚೀಟಿಯಿತ್ತು. ಅದರಲ್ಲಿದ್ದುದನ್ನು ಇಲ್ಲಿ ಬರೆಯುವುದಿಲ್ಲ.

ಶ್ರಾವ್ಯ ನನ್ನ ಸಮವಸ್ತ್ರ ಕಂಡು, "ಅಪ್ಪಯ್ಯ ಸಮುದ್ರ ತೋರ್ಸ್ತೆ ಅಂದ್ರ್. ಶಾಲಿಯಂಗೆ ಬೈತ್ರಾ?" ಎಂದು ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಈಗ ಹೈಸ್ಕೂಲಿನಲ್ಲಿದ್ದಾಳೆ. ಅಪ್ಪ ಚಿಕಿತ್ಸೆ ಪಡೆದು ಊರು ಬಿಟ್ಟ.

ಮರುವಾರ ಎಸ್.ಐ. ಮತ್ತು ಹೆಡ್ ಮೇಡಂ ಒಟ್ಟಿಗೆ ಕೂತರು. ಬೀಟ್ ಪುಸ್ತಕ ಮೊಳೆಯಿಂದ ಇಳಿದು ಮೇಡಂ ಮೇಜಿಗೆ ಬಂತು. ಸಹಿಗೆ ಹೋಗುವುದು ಮಧ್ಯಾಹ್ನದ ಬಿಡುವಿನಲ್ಲಿ, ಮೇಡಂ ಎದುರಿನಲ್ಲೇ. ಮಗುವಿನ ವಿಷಯವಿರುವ ಅರ್ಜಿ ಬಂದರೆ ಅದೇ ದಿನ ಶಾಲೆಗೆ ಫೋನ್ ಹೋಗಬೇಕು. ಗೇಟಿನಲ್ಲಿ ಸಂಶಯದವರು ಕಂಡರೆ ಶಾಲೆ ಮೊದಲು ಠಾಣೆಗೆ ಹೇಳಬೇಕು, ಕಾಗದ ಆಮೇಲೆ. ಮಗುವನ್ನು ಯಾರ ಜೊತೆ ಕಳಿಸಬಹುದು ಎಂದು ತಾಯಿಯಿಂದಲೇ ಬರೆಸಿಕೊಂಡರು. ಬೇರೆ ಎರಡು ಠಾಣೆಗಳೂ ಹಾಗೆ ಮಾಡಿದವು. ಕುಂದಾಪುರ, ಬ್ರಹ್ಮಾವರಗಳ ಶಿಕ್ಷಕರ ಸಭೆಗೆ ನನ್ನನ್ನು ಕರೆಸಿ ಮಾತಾಡಿಸಿದರು. ಪೊಲೀಸರು ಸಮಯಕ್ಕೆ ಸರಿಯಾಗಿ ಮುಟ್ಟಿದರು ಎಂದೇ ನಾನು ಎಲ್ಲ ಕಡೆ ಹೇಳಿದೆ. ಮುಟ್ಟಿರಲಿಲ್ಲ. ಮಗು ಉಳಿದದ್ದು ಒಬ್ಬ ಮುದುಕರ ಮಾತಿನಿಂದ, ಎರಡು ಲೋಟ ಚಾದಿಂದ. ಜಲಜಳ ಹೆಸರನ್ನಂತೂ ಒಂದು ಸಭೆಯಲ್ಲೂ ಹೇಳಲಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಮಾತು ಶುರುವಾಯಿತು. ಯಾವ ಮಗು ಊಟ ಬಿಟ್ಟಿತು, ಯಾವ ಮಗುವಿನ ಕೈಯಲ್ಲಿ ಬಾಸುಂಡೆ ಇತ್ತು ಎಂದು ಅವಳು ಸಂಜೆ ಹೇಳುತ್ತಿದ್ದಳು. ನಾನು ಹೇಳಬಹುದಾದಷ್ಟನ್ನು ಹೇಳುತ್ತಿದ್ದೆ. ಮೂರು ವರ್ಷ ಹಾಗಿದ್ದೆವು. ಈಗ ಯಾರಿಂದಲೂ ಮುಚ್ಚಿಡುವಂಥ ಸುದ್ದಿ ನನ್ನಲ್ಲಿಲ್ಲ, ಕೇಳುವವರೂ ಇಲ್ಲ. ಮೀನು ತಂದರೆ ಎಷ್ಟಕ್ಕೆ ತಂದೆ ಎಂದು ಗೋಡೆ ಕೇಳುವುದಿಲ್ಲ.

ಆ ಗುರುವಾರ ಸಂಜೆ ಜಲಜ ಅನ್ನದ ಪಾತ್ರೆ ಇಳಿಸುತ್ತ ಕೇಳಿದ್ದಳು, "ಮೂರ್ ದಿನ ಮೊದ್ಲೇ ನಾನ್ ಹೇಳಿರೆ ನೀವ್ ಕೇಂತಿದ್ರ್ಯಾ?"

"ಕೇಂತಿದ್ದೆ" ಎಂದೆ. ಅವಳು ಅನ್ನ ಬಡಿಸಿದಳು.

ಕೇಳುತ್ತಿದ್ದೆ ಎಂದು ನಾನು ಹೇಳಿದ್ದು ಸುಳ್ಳು. ಅದು ಶಾಲೆಯ ವಿಷಯ, ನಿನಗ್ಯಾಕೆ ಎನ್ನುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ದಿನ ಎರಡು ತರಗತಿಗೆ ಸಾರು ಬಡಿಸುವಷ್ಟು ಹೊತ್ತು ಫೋನ್ ಹಿಡಿಯಲಿಲ್ಲ. ಶಾಲೆಗೂ ಠಾಣೆಗೂ ನಡುವೆ ಫೋನ್ ನಂಬರುಗಳ ಪಟ್ಟಿ ಮಾಡುವುದು ಸುಲಭ. ನನ್ನ ಕೆಲಸ ಕಲಿಸಿದ್ದು ಬೇರೆ: ಹೇಳಬೇಕಾದವರು ಸುಮ್ಮನಿದ್ದಾರೆ ಎಂದರೆ, ಹಿಂದೆ ಯಾವಾಗಲೋ ನಾವು ಅವರನ್ನು ಸುಮ್ಮನಾಗಿಸಿದ್ದೇವೆ.