ಒಂದು ರಿಂಗ್ ಅಂದರೆ ಮುಟ್ಟಿದೆ ಅಂತ

ಮೊಬೈಲಿನಲ್ಲಿ ಯಾವುದೇ ಆ್ಯಪ್ ತೆರೆದರೂ ಆಗಾಗ ಒಂದು ಡಬ್ಬಿ ಎದ್ದು ಬಂದು, ನಮ್ಮ ಸೇವೆ ಇನ್ನೂ ಚೆನ್ನಾಗಲು ನಿಮ್ಮ ಸಲಹೆ ಏನು ಎಂದು ಕೇಳುತ್ತದೆ. ಬುದ್ಧಿ ನೆಟ್ಟಗಿರುವವರು ಅದನ್ನು ಮುಚ್ಚಿ ಮುಂದೆ ಹೋಗುತ್ತಾರೆ. ನಾನು ಕನ್ನಡಕ ಹುಡುಕಿ, ಕುಳಿತು ಬರೆಯುತ್ತೇನೆ. ಮೆಸೇಜು ನೋಡಿದರು ಎಂದು ನೀಲಿ ಗೆರೆ ಬಂದರೆ ಸಾಲದು, ನೋಡಿಯೂ ಉತ್ತರ ಕೊಡದವರು ಆರೋಗ್ಯವಾಗಿದ್ದಾರೋ ಇಲ್ಲವೋ ಅದನ್ನೂ ತೋರಿಸಿ ಎಂದು ಒಮ್ಮೆ ಬರೆದೆ. ನಕ್ಷೆಯಲ್ಲಿ ಬಸ್ಸಿನ ಚುಕ್ಕಿ ನಿಂತುಬಿಟ್ಟಾಗ, ಅದು ಚಹಾಕ್ಕೆ ನಿಂತಿದೆಯೋ, ಪಂಕ್ಚರ್ ಆಗಿದೆಯೋ, ಇಲ್ಲಾ ನನ್ನ ತಲೆಯಲ್ಲಿ ಓಡುತ್ತಿರುವ ಮೂರನೆಯ ಕಾರಣವೋ, ಒಂದೊಂದಕ್ಕೂ ಬೇರೆ ಬಣ್ಣ ಕೊಡಿ ಎಂದು ಇನ್ನೊಮ್ಮೆ ಬರೆದೆ. ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದ ಎಂದು ಯಂತ್ರದಿಂದ ಉತ್ತರ ಬರುತ್ತದೆ. ಹೆಂಡತಿ ನೋಡಿ, ಆ ಯಂತ್ರಕ್ಕೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಗೊಡ್ರಿ ಎನ್ನುತ್ತಾಳೆ.

ಈ ಚಾಳಿ ಇವತ್ತಿನದಲ್ಲ. ಆ್ಯಪ್ ಎಂಬ ಮಾತೇ ನಮ್ಮ ಕಡೆ ಕೇಳಿರದ ಕಾಲದಲ್ಲೂ ಫೋನ್ ಕಂಪನಿಗೆ ಮನಸ್ಸಿನಲ್ಲೇ ಸಲಹೆ ಕೊಡುತ್ತಿದ್ದವನು ನಾನು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ವರ್ಷಗಳವು. ನಿನ್ನೆ ಹೊಸಪೇಟೆಯಲ್ಲಿ ಸೈಕಲ್ ತುಳಿಯುತ್ತಿದ್ದವನು ಇವತ್ತು ಎರಡು ಕಿವಿಗೆ ಎರಡು ಫೋನು ಹಿಡಿದು ಓಡಾಡುತ್ತಿದ್ದ. ನಮ್ಮ ಮನೆಗೂ ಗುಂಡಿ ಒತ್ತುವ ಫೋನು ಎರಡು ಬಂದಿದ್ದವು. ಒಂದು ನನಗೆ, ಒಂದು ಹೆಂಡತಿಗೆ.

ನಾನು ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ತೂಕ ನೋಡಿಕೊಳ್ಳುತ್ತಿದ್ದೆ. ಅವಳು ಸಂಡೂರಿನ ಆಚೆ, ಯಶವಂತನಗರದ ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಿಗ್ಗೆ ಹೊಸಪೇಟೆಯ ಬಸ್ ಸ್ಟ್ಯಾಂಡಿನ ತನಕ ಒಟ್ಟಿಗೆ ಹೋಗಿ ಅಲ್ಲಿಂದ ಬೇರೆಯಾಗುತ್ತಿದ್ದೆವು. ನನ್ನ ಬಸ್ಸು ಕಮಲಾಪುರದ ಕೆರೆ, ಬಾಳೆತೋಟ, ಕಾಲುವೆ ನೀರಿನ ಗದ್ದೆ ನೋಡಿಕೊಂಡು ತಣ್ಣಗೆ ಹೋಗುತ್ತಿತ್ತು. ಅವಳು ಹತ್ತುತ್ತಿದ್ದ ಗಣಿ ಕಂಪನಿ ಬಸ್ಸು ಅದಿರಿನ ಲಾರಿಗಳ ನಡುವೆ ದಾರಿ ಹುಡುಕಿಕೊಂಡು ಕೆಂಪು ಧೂಳಿನಲ್ಲಿ ಮರೆಯಾಗುತ್ತಿತ್ತು. ಆ ರಸ್ತೆಯ ಅಪಘಾತದ ಸುದ್ದಿ ದಿನವೂ ಪೇಪರಿನಲ್ಲಿ ಬರುತ್ತಿತ್ತು. ಪೇಪರ್ ಓದುವುದು ಬಿಡು ಎಂದು ಡಾಕ್ಟರು ಹೇಳಿದ್ದರು. ಬಿಟ್ಟೆ. ಓದದೆ ಇದ್ದರೆ ಇನ್ನೂ ದೊಡ್ಡ ಸುದ್ದಿಗಳು ಹೊಳೆಯತೊಡಗಿದವು.

ಅದಕ್ಕೇ ನಮ್ಮ ನಡುವೆ ಒಂದು ಒಪ್ಪಂದ. ಆಗ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇಂಥದೊಂದು ಇತ್ತು. ಆಸ್ಪತ್ರೆ ಮುಟ್ಟಿದ ಕೂಡಲೇ ಅವಳು ನನಗೆ ಮಿಸ್ಡ್ ಕಾಲ್ ಕೊಡಬೇಕು. ಒಂದು ರಿಂಗ್ ಅಂದರೆ ಮುಟ್ಟಿದೆ ಅಂತ. ಎರಡು ಅಂದರೆ ಜಾಮಿನಲ್ಲಿ ಸಿಕ್ಕಿಕೊಂಡಿದ್ದೇನೆ, ಗಾಬರಿ ಬೇಡ ಅಂತ. ಮೂರು ದಾಟಿದರೆ ಏನೋ ತೊಂದರೆ, ಎತ್ತಿ ಮಾತಾಡಬೇಕು. ಮೆಸೇಜು ಕಳಿಸಬಹುದಿತ್ತಲ್ಲ ಎನ್ನಬಹುದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಿ ಒತ್ತಿ ಕಳಿಸಿದ್ದಳು ಒಂದು ದಿನ. ಮುಟ್ಟಿದೆ ಎಂಬ ಆ ಮೆಸೇಜು ನನ್ನ ಫೋನಿಗೆ ಬಂದಾಗ ಸಂಜೆಯಾಗಿತ್ತು, ಅವಳು ನಮ್ಮ ಅಡುಗೆಮನೆಯಲ್ಲಿ ನಿಂತು ಮಿರ್ಚಿ ಕರಿಯುತ್ತಿದ್ದಳು. ಮೆಸೇಜು ಹೊರಟ ಹೊತ್ತನ್ನೂ ಬಂದ ಹೊತ್ತನ್ನೂ ತೋರಿಸಬೇಕು ಎಂಬುದು ಫೋನ್ ಕಂಪನಿಗೆ ನನ್ನ ಮೊದಲನೆಯ ಸಲಹೆ.

ನಾನು ಹೇಳಹೊರಟಿರುವ ವಾರ ನನ್ನ ಚಿಂತೆ ಸ್ವಲ್ಪ ಜಾಸ್ತಿಯೇ ಇತ್ತು. ಹೊಸಪೇಟೆಯಲ್ಲಿ ಹೊಸದಾಗಿ ಲ್ಯಾಬ್ ತೆರೆದವರೊಬ್ಬರು ಅವಳನ್ನು ಕೆಲಸಕ್ಕೆ ಕರೆದಿದ್ದರು. ನಮ್ಮ ಮನೆಯಿಂದ ನಡೆದು ಹೋಗುವ ದೂರ. ನನಗೆ ದೇವರೇ ಬಂದು ಕರೆದಂತಾಗಿತ್ತು. ಅವಳಿಗೆ ಮನಸ್ಸಿರಲಿಲ್ಲ. ಅಲ್ಲಿ ರಕ್ತ ತೆಗೆದು ಬೇರೆ ಊರಿಗೆ ಕಳಿಸುವುದಷ್ಟೇ ಕೆಲಸ. ಯಶವಂತನಗರದಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ನೋಡುವವಳು ಅವಳೊಬ್ಬಳೇ. ಶನಿವಾರದೊಳಗೆ ಉತ್ತರ ಹೇಳಬೇಕಿತ್ತು. ನಾನು ಬಾಯಿ ಬಿಟ್ಟು ಏನೂ ಅನ್ನದೆ, ಊಟಕ್ಕೆ ಕೂತಾಗ, ಹಾಸಿಗೆ ಹಾಸುವಾಗ ನಿಟ್ಟುಸಿರು ಬಿಡುತ್ತ ಓಡಾಡುತ್ತಿದ್ದೆ. ಅವಳೇ ಒಂದು ಸಂಜೆ ಕೂರಿಸಿಕೊಂಡು ಹೇಳಿದಳು.

"ನಿಮ್ಮ ಎದಿ ತಡಕೊಳ್ಳಂಗಿಲ್ಲ ಅಂದ್ರ ಬಿಡ್ತೀನಿ. ಆದ್ರ ಬಿಡು ಅಂತ ನೀವ ಬಾಯಿಲೆ ಹೇಳಬೇಕು. ಉಸಿರು ಬಿಟ್ಟು ಬಿಟ್ಟು ಬಿಡಸಬ್ಯಾಡ್ರಿ."

ಆ ವಾರಕ್ಕೆ ಹಿಂದಿನ ಭಾನುವಾರ ಹಂಪಿಗೆ ಹೋಗಿದ್ದೆವು. ಅವಳು ಬಜಾರಿನಲ್ಲಿ ಬಾಳೆಹಣ್ಣಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದಳು, ನಾನು ಕಲ್ಲಿನ ಮಂಟಪದ ನೆರಳಲ್ಲಿ ಕೂತಿದ್ದೆ. ಫೋನು ಬಂತು. ಫೋನ್ ಕಂಪನಿಯ ಹೆಣ್ಣುಮಗಳ ದನಿ. ಅದು ಮೊದಲೇ ಮಾತಾಡಿಸಿ ಇಟ್ಟಿದ್ದು ಎಂದು ಗೊತ್ತಿದ್ದರೂ, ಹೇಳ್ರಿ ಮೇಡಂ ಎನ್ನದೆ ನನಗೆ ಆಗುತ್ತಿರಲಿಲ್ಲ. ಆಕೆ ಒಂದು ಹಾಡು ಕೇಳಿಸಿ, ಸ್ಟಾರ್ ಒತ್ತಿ ಎಂದಳು. ಯಾಕೆ ಎಂದು ಸರಿಯಾಗಿ ಕೇಳಿಸಲಿಲ್ಲ. ಒತ್ತದೆ ಇದ್ದರೆ ಕನೆಕ್ಷನ್ ಕಿತ್ತರೆ ಏನು ಗತಿ, ನಾಳೆ ಮಿಸ್ಡ್ ಕಾಲ್ ಎಲ್ಲಿಗೆ ಬರಬೇಕು ಎಂದು ಹೆದರಿ ಒತ್ತಿದೆ. ಧನ್ಯವಾದ ಎಂದಳು. ನಾನೂ ಇರಲಿ ಬಿಡ್ರಿ ಎಂದೆ. ಆಮೇಲೆ ಬಾಳೆಹಣ್ಣು ತಿಂದು ಅದನ್ನು ಮರೆತೆ.

ಸೋಮವಾರ ಬೆಳಿಗ್ಗೆ ಎಂದಿನಂತೆ ಗಿರಣಿಯ ಸದ್ದಿನಿಂದ ಹೊರಗೆ ಬಂದು ಬೇವಿನ ಮರದ ಕೆಳಗೆ ಫೋನು ಅಂಗೈಯಲ್ಲಿಟ್ಟುಕೊಂಡು ನಿಂತೆ. ಎರಡು ರಿಂಗ್. ಜಾಮ್ ಎಂದುಕೊಂಡೆ. ಸಂಜೆ ಕೇಳಿದರೆ ದಾರಿ ಖಾಲಿ ಇತ್ತು ಎಂದಳು. ನನಗೆ ಗಾಬರಿಯಾಗಬಾರದೆಂದು ಮುಚ್ಚಿಡುತ್ತಿದ್ದಾಳೆ ಎಂದು ತಿಳಿದೆ. ಮಂಗಳವಾರವೂ ಎರಡು. ಆ ಸಂಜೆ ಅವಳು ಏನೋ ಗುನುಗುತ್ತ ರೊಟ್ಟಿ ಬಡಿದಳು, ನನ್ನ ತಟ್ಟೆಗೆ ಕೇಳದೆ ತುಪ್ಪ ಹಾಕಿದಳು, ನಾನೇನಾದರೂ ಹೇಳುತ್ತೇನೋ ಎಂಬಂತೆ ಮುಖ ನೋಡಿದಳು. ಇಷ್ಟೊಂದು ಪ್ರೀತಿ ತೋರಿಸಬೇಕಾದರೆ ರಸ್ತೆಯಲ್ಲಿ ಎಂಥ ಅಪಾಯದಿಂದ ಪಾರಾಗಿ ಬಂದಿರಬೇಕು ಎಂದು ನನಗೆ ನಿದ್ದೆ ಬರಲಿಲ್ಲ.

ಬುಧವಾರ ಫೋನು ರಿಂಗಾಯಿತು. ಒಂದು, ಎರಡು, ಮೂರು. ಅವಸರದಲ್ಲಿ ಗುಂಡಿ ಸಿಗಲಿಲ್ಲ. ನಾಲ್ಕು, ಐದು. ಒತ್ತುವಷ್ಟರಲ್ಲಿ ನಿಂತುಹೋಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್. ಲ್ಯಾಬಿನೊಳಗೆ ಹೋದ ಮೇಲೆ ಅವಳು ದಿನವೂ ಆಫ್ ಮಾಡಿಡುತ್ತಾಳೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗೊತ್ತಿರುವುದೆಲ್ಲ ಅಂಥ ಹೊತ್ತಿಗೆ ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಗಿರಣಿ ಸಾಹುಕಾರರ ಮುಂದೆ ಹೋಗಿ ನಿಂತೆ. ಅವರು ನನ್ನ ಮುಖ ನೋಡಿ, ಏನಾಯಿತೆಂದೂ ಪೂರ್ತಿ ಕೇಳದೆ, ತಮ್ಮ ಬೈಕಿನ ಕೀಲಿ ಕೊಟ್ಟರು. "ಹೋಗಪಾ, ನೋಡಿಕ್ಯಂಡು ಬಾ. ನೀ ಹಿಂಗ ನಡುಗಿಕೆಂತ ತೂಕ ಮಾಡಿದ್ರ ತಕ್ಕಡಿನೂ ನಡುಗತೈತಿ." ಅವರು ಸ್ವಲ್ಪ ನಕ್ಕಂತೆ ಕಂಡಿತು. ಅದು ಯಾಕೆಂದು ಆಮೇಲೆ ತಿಳಿಯಿತು.

ಹೊಸಪೇಟೆ ದಾಟಿ ಸಂಡೂರಿನ ದಾರಿ ಹಿಡಿದರೆ ಲಾರಿಗಳ ಸಾಲು ನಿಂತುಬಿಟ್ಟಿತ್ತು. ಮುಂದೆ ಎಷ್ಟು ದೂರವೋ ಕಾಣುತ್ತಿರಲಿಲ್ಲ. ಬೈಕು ತೂರಿಸಲೂ ಜಾಗವಿಲ್ಲ. ಧೂಳು ನನ್ನ ಬಿಳಿ ಅಂಗಿಯನ್ನು ಮೊದಲು ಕಾವಿ ಮಾಡಿ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಂದಿತು. ಪಕ್ಕದ ಲಾರಿಯ ಡ್ರೈವರ್ ಕಿಟಕಿಯಿಂದ ಬಗ್ಗಿ ನೋಡಿ ನೀರಿನ ಬಾಟಲಿ ಕೊಟ್ಟ. ಮುಂದೆ ಕಂಪನಿ ಬಸ್ಸಿಗೆ ಏನಾದರೂ ಆಗಿದೆಯೇ ಎಂದು ಕೇಳಿದೆ. ಅವನು ತಾಳ್ರಿ ಎಂದು ಮುಂದಿನ ಲಾರಿಗೆ ಕೂಗಿ ಹೇಳಿದ. ಅವನು ತನ್ನ ಮುಂದಿನವನಿಗೆ. ನನ್ನ ಪ್ರಶ್ನೆ ಲಾರಿಯಿಂದ ಲಾರಿಗೆ ಹತ್ತಿ ಗುಡ್ಡದ ತಿರುವಿನಲ್ಲಿ ಮರೆಯಾಯಿತು. ನಾನು ನೀರು ಕುಡಿಯುತ್ತ ಕಾದೆ. ಸ್ವಲ್ಪ ಹೊತ್ತಿಗೆ ಉತ್ತರ ಅದೇ ದಾರಿಯಲ್ಲಿ ತಿರುಗಿ ಬಂತು.

"ಬಸ್ಸು ಮುಂಜಾನೆನ ದಾಟೈತಂತ್ರಿ. ಏನೂ ಆಗಿಲ್ಲ. ಮುಂದ ಒಂದು ಗಾಡಿ ಎಕ್ಸಲ್ ಮುರದೈತಿ, ಅಷ್ಟ. ಮತ್ತ, ಅಳಬ್ಯಾಡ ಅಂತ ಹೇಳ್ಯಾರ."

ಅಳುತ್ತಿದ್ದೇನೆ ಎಂಬ ಸುದ್ದಿ ನಾನು ಕಳಿಸಿರಲಿಲ್ಲ. ಅದನ್ನು ಅವರೇ ಸೇರಿಸಿದ್ದರು, ಮತ್ತು ತಪ್ಪೇನೂ ಸೇರಿಸಿರಲಿಲ್ಲ. ಬಸ್ಸಿನಲ್ಲಿ ಯಾರಿದ್ದಾರೆ ಎಂದು ಡ್ರೈವರ್ ಕೇಳಿದ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ನನ್ನ ಹೆಂಡತಿ ಎಂದೆ. ಅವನು ಬಾಗಿಲು ತೆಗೆದು ಕೆಳಗಿಳಿದೇಬಿಟ್ಟ.

"ಕಫ ನೋಡೋ ಅಕ್ಕಾರ? ನಂದು ಟಿ.ಬಿ. ಅಂತ ಅವ್ರ ನೋಡಿ ಹೇಳಿದ್ದು. ಬರೇ ಧೂಳಿನ ಕೆಮ್ಮು ಅಂತ ಹಂಗ ತಿರಗತಿದ್ದೆ. ಗುಳಿಗಿ ಮುಗಿಸೋ ತನಕ ದಾರ್ಯಾಗ ಕಂಡಾಗೆಲ್ಲ ಬೈತಿದ್ರು." ಅವನು ಎದೆ ಮುಟ್ಟಿಕೊಂಡು, ಈಗ ಆರಾಮಿದ್ದೇನೆ ಎಂದು ತೋರಿಸಲು ಉದ್ದಕ್ಕೆ ಉಸಿರೆಳೆದ. ಅಲ್ಲಿನ ಧೂಳಿನಲ್ಲಿ ಅದು ಒಳ್ಳೆಯ ಯೋಚನೆಯಾಗಿರಲಿಲ್ಲ. ಇಬ್ಬರೂ ಕೆಮ್ಮಿದೆವು.

ಹೆಂಡತಿ ಮನೆಯಲ್ಲಿ ತನ್ನ ಕೆಲಸದ ಬಗ್ಗೆ ಹೇಳುತ್ತಿರಲಿಲ್ಲ ಎಂದಲ್ಲ. ಹೇಳುತ್ತಿದ್ದಳು. ಅವಳು ಹೇಳುವಾಗ ನಾನು, ಬರುವ ಬಸ್ಸಿಗೆ ಬ್ರೇಕ್ ಸರಿಯಿತ್ತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಆ ಡ್ರೈವರ್ ಮತ್ತು ಅವನ ಮುಂದಿನವರು ಕೂಡಿ ನನ್ನ ಬೈಕನ್ನು ರಸ್ತೆಯ ಅಂಚಿನಲ್ಲಿ ಎತ್ತಿ ಎತ್ತಿ ದಾಟಿಸಿದರು. ಬಸ್ಸಿಗೆ ಏನೂ ಆಗಿಲ್ಲ ಎಂದ ಮೇಲೆ ನಾನು ಕಂಪ್ಲಿಗೆ ತಿರುಗಬಹುದಿತ್ತು. ಆದರೆ ಬಸ್ಸು ಕ್ಷೇಮವಾಗಿ ಮುಟ್ಟಿದೆ ಅಂದರೆ ತೊಂದರೆ ಆದದ್ದು ಆಸ್ಪತ್ರೆಯಲ್ಲೇ ಎಂದು ಅಷ್ಟರಲ್ಲಿ ನನಗೆ ಹೊಳೆದುಬಿಟ್ಟಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ಜನ ಕೂತಿದ್ದರು. ಅವಳು ಕೈಗವಸು ಹಾಕಿಕೊಂಡು ಹೊರಗೆ ಬಂದವಳು, ತಲೆಯಿಂದ ಕಾಲಿನ ತನಕ ಕೆಂಪಾಗಿ ನಿಂತಿದ್ದ ನನ್ನನ್ನು ಮೊದಲು ಯಾರೋ ಗಣಿ ಕೆಲಸದವನೆಂದು ತಿಳಿದು, ಕುಂದ್ರಿ, ಕರೀತೀನಿ ಎಂದಳು. ಆಮೇಲೆ ಗುರುತು ಹಿಡಿದು ಅವಳ ಮುಖ ಬಿಳಿಚಿಕೊಂಡಿತು.

"ಯಾಕ್ರೀ, ಏನಾತು ಮನ್ಯಾಗ?"

"ನಿನಗೇನಾತು? ಐದು ರಿಂಗ್ ಕೊಟ್ಟಿಯಲ್ಲ."

"ನಾ ಎಲ್ಲಿ ಐದು ಕೊಟ್ಟೆ? ಹಾಡು ಕೇಳತಿದ್ದೆ."

"ಯಾವ ಹಾಡು?"

ಅವಳು ಕೈಗವಸು ಬಿಚ್ಚಿ, ಚೀಲದಿಂದ ಫೋನು ತೆಗೆದು, ಆನ್ ಮಾಡಿ, ನನ್ನ ನಂಬರ್ ಒತ್ತಿ ನನ್ನ ಕಿವಿಗೆ ಹಿಡಿದಳು. ನನ್ನ ಜೇಬಿನಲ್ಲಿ ರಿಂಗಾಗುತ್ತಿತ್ತು. ಕಿವಿಯಲ್ಲಿ ಒಬ್ಬ ಗಂಡಸು, ನೀನಿಲ್ಲದೆ ನನಗೆ ಹೊತ್ತು ಹೋಗದು ಎಂಬ ಅರ್ಥದ ಹಾಡನ್ನು ಕೊಳಲಿನ ಜೊತೆ ಹಾಡುತ್ತಿದ್ದ. ಹಂಪಿಯ ಮಂಟಪದಲ್ಲಿ ನಾನು ಸ್ಟಾರ್ ಒತ್ತಿ ಒಪ್ಪಿಕೊಂಡದ್ದು ಅದನ್ನು. ನನಗೆ ಫೋನು ಮಾಡುವವರಿಗೆಲ್ಲ ಸೋಮವಾರದಿಂದ ರಿಂಗಿನ ಬದಲು ಆ ಹಾಡು ಕೇಳಿಸುತ್ತಿತ್ತು. ರಿಂಗ್ ಕೇಳಿಸದ ಮೇಲೆ ಅವಳು ಎಣಿಸುವುದಾದರೂ ಏನನ್ನು? ಗಿರಣಿ ಸಾಹುಕಾರರೂ ಆ ಹಾಡು ಕೇಳಿಸಿಕೊಂಡಿದ್ದರು, ನಕ್ಕದ್ದು ಅದಕ್ಕೇ.

"ನೀವ ಹಾಕಿಸಿರಿ ಅಂದ್ಕಂಡಿದ್ದೆ," ಎಂದಳು. "ಬಾಯಿ ಬಿಟ್ಟು ಹೇಳಾಕ ನಾಚಿಗಿ, ಅದಕ್ಕ ಹಾಡಿನಾಗ ಹೇಳ್ಯಾರ ಅಂತ. ಇವತ್ತು ಚರಣದ ತನಕ ಕೇಳೂಣು ಅಂತ ಹಿಡದಿದ್ದೆ."

ಪಡಸಾಲೆಯಲ್ಲಿ ಕೂತವರೆಲ್ಲ ಕೆಮ್ಮುವುದನ್ನು ನಿಲ್ಲಿಸಿದ್ದರು. ನಾನು ಹಾಕಿಸಿದ್ದಲ್ಲ, ಹೆದರಿ ಸ್ಟಾರ್ ಒತ್ತಿದ್ದು ಎಂದು ಇದ್ದದ್ದನ್ನು ಹೇಳಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಕ್ಕು ಮುಗಿದ ಮೇಲೆ ಅದೇ ಸೆರಗಿನಿಂದ ನನ್ನ ಮುಖ ಒರೆಸಿ, ಕೆಳಗಿನ ದನಿಯಲ್ಲಿ ಕೇಳಿದಳು.

"ಹಂಗಾರ ಈಗರೆ ಬಾಯಿಲೆ ಹೇಳ್ರಿ. ಬಿಡಲೋ, ಬ್ಯಾಡೋ?"

ಅವಳ ಹಿಂದೆ ಲ್ಯಾಬಿನ ಬಾಗಿಲು ತೆರೆದಿತ್ತು. ಕಿಟಕಿಯ ಬೆಳಕಿನಲ್ಲಿ ಮೈಕ್ರೋಸ್ಕೋಪು, ಅದರೆದುರು ಸ್ವಲ್ಪ ಹಿಂದಕ್ಕೆ ಸರಿಸಿಟ್ಟ ಸ್ಟೂಲು ಕಾಣುತ್ತಿತ್ತು. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು, ಜಲ್ದಿ ಹೇಳಪಾ, ನಮ್ಮ ಸರತಿ ಐತಿ ಎಂದಳು.

"ಬ್ಯಾಡ," ಎಂದೆ. "ಇಲ್ಲೇ ಇರು."

ಅಂದು ಸಂಜೆ ಹೊಸಪೇಟೆಯ ಲ್ಯಾಬಿನವರಿಗೆ ನಾನೇ ಹೋಗಿ, ಆಕೆಗೆ ಬರಲಾಗುವುದಿಲ್ಲ ಎಂದು ಹೇಳಿ ಬಂದೆ. ಎದೆ ಡವಗುಟ್ಟುತ್ತಲೇ ಇತ್ತು. ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ. ಹಾಡನ್ನು ತೆಗೆಸಲಿಲ್ಲ. ರಿಂಗಿನ ಎಣಿಕೆ ಬಿಟ್ಟು ಮಿಸ್ಡ್ ಕಾಲಿನ ಎಣಿಕೆಗೆ ಬದಲಾದೆವು. ಒಂದು ಸಲ ಬಂದು ನಿಂತರೆ ಮುಟ್ಟಿದ್ದಾಳೆ, ಎಷ್ಟು ಹೊತ್ತು ರಿಂಗಾದರೂ ಸರಿ. ಅವಳು ಚರಣದ ತನಕ ಕೇಳಿದ ದಿನ ನಾನು ಬೇವಿನ ಮರದ ಕೆಳಗೆ ನಿಂತು ಅಷ್ಟೂ ರಿಂಗ್ ಕೇಳುತ್ತಿದ್ದೆ.

ಆಮೇಲೆ ಗಣಿಗಳು ಒಂದೊಂದಾಗಿ ನಿಂತು ಲಾರಿಗಳ ಸಾಲು ಕರಗಿತು. ಎರಡೆರಡು ಫೋನಿನವರಲ್ಲಿ ಕೆಲವರು ಮತ್ತೆ ಒಂದಕ್ಕೆ ಇಳಿದರು. ಅವಳು ಇವತ್ತಿಗೂ ಅದೇ ಸ್ಟೂಲಿನ ಮೇಲೆ ಕೂರುತ್ತಾಳೆ. ಈಗ ನನ್ನ ಫೋನಿನಲ್ಲಿ ಅವಳ ಬಸ್ಸು ನೀಲಿ ಚುಕ್ಕಿಯಾಗಿ ಕಾಣುತ್ತದೆ. ಇಂಥದೊಂದು ಅನುಕೂಲ ಮಾಡಿಕೊಟ್ಟವರು ಯಾರೋ, ಎಲ್ಲಿಯವರೋ, ಅವರ ಹೊಟ್ಟೆ ತಣ್ಣಗಿರಲಿ. ಆದರೂ ಚುಕ್ಕಿ ನಿಂತಾಗ ಯಾಕೆ ನಿಂತಿದೆ ಎಂದು ಮುಂದಿನವರನ್ನು ಕೇಳಿ, ಅಳಬ್ಯಾಡ ಎಂದು ಸೇರಿಸಿ ಹೇಳುವ ಸೌಲಭ್ಯ ಇನ್ನೂ ಬಂದಿಲ್ಲ. ಅದನ್ನೂ ಡಬ್ಬಿಯಲ್ಲಿ ಬರೆದು ಕಳಿಸಿದ್ದೇನೆ. ಅಮೂಲ್ಯ ಸಲಹೆ ಎಂದಿದ್ದಾರೆ.

ಈಗ ಎಷ್ಟು ಮಾತಾಡಿದರೂ ಬೇರೆ ದುಡ್ಡಿಲ್ಲ. ಆದರೂ ಬೆಳಿಗ್ಗೆ ಆಸ್ಪತ್ರೆ ಮುಟ್ಟಿದ ಕೂಡಲೇ ಅವಳು ಮಿಸ್ಡ್ ಕಾಲ್ ಕೊಡುತ್ತಾಳೆ. ಅಷ್ಟು ಹೊತ್ತಿಗೆ ಚುಕ್ಕಿಯೂ ಆಸ್ಪತ್ರೆಯ ಮೇಲೆ ಬಂದು ನಿಂತಿರುತ್ತದೆ, ನಾನೂ ನೋಡಿರುತ್ತೇನೆ. ಫೋನು ಎತ್ತುವುದಿಲ್ಲ. ರಿಂಗ್ ನಿಂತ ಮೇಲೆ ಚಹಾ ಕುಡಿಯಲು ಹೋಗುತ್ತೇನೆ.